ನಿಕಾನ್ ಝಡ್ 50, ಕ್ಯಾನನ್ ಆರ್ 10: ತೂಕದ ಲೆಕ್ಕ ತಾಳೆಯಾಗುತ್ತಿಲ್ಲ, ಸ್ಕ್ರೀನ್ ಯಾವುದು ಮೇಲು?

ಹೇಮಾವತಿ_ದಡ (ಹಾಸನ):
ಬೇಲೂರು, ಹಳೇಬೀಡಿನ ಶಿಲ್ಪಗಳ ಫೋಟೋ ತೆಗೆಯಲು ಸಣ್ಣ ಕ್ಯಾಮೆರಾ ಬೇಕು. ಒಂದು ಕಡೆ ಝಡ್ 50 395 ಗ್ರಾಂ, ಆರ್ 10 429 ಗ್ರಾಂ ಅಂತಿದೆ. ಇನ್ನೊಂದು ಕಡೆ ಆರ್ 10 ಹಗುರ ಅಂತಾರೆ. ಯಾವುದು ಸರಿ? ಮೂರು ಇಂಚಿಗೂ 3.2 ಇಂಚಿಗೂ ವ್ಯತ್ಯಾಸ ಗೊತ್ತಾಗುತ್ತಾ?

ಬಳಪದಕಲ್ಲು (ಬೇಲೂರು):
ಸರ್, ಎರಡು ಅಂಕಿಯೂ ನಿಜ, ಜೋಡಿಸಿದ್ದು ತಪ್ಪು. 395 ಬರೀ ಬಾಡಿಯದು, 429 ಬ್ಯಾಟರಿ ಮತ್ತು ಕಾರ್ಡ್ ಸೇರಿದ್ದು. ಬರೀ ಬಾಡಿ ಅಂದರೆ ಝಡ್ 50 395, ಆರ್ 10 382. ಬ್ಯಾಟರಿ, ಕಾರ್ಡ್ ಹಾಕಿದರೆ 450 ಮತ್ತು 429. ಜೊತೆಗೆ ಕೊಡುವ ಲೆನ್ಸ್ ನಿಕಾನ್ 16-50 ಮಿ.ಮೀ. 135 ಗ್ರಾಂ, ಕ್ಯಾನನ್ 18-45 ಮಿ.ಮೀ. 130 ಗ್ರಾಂ. ಒಟ್ಟಿಗೆ 585, 559. ಈ 26 ಗ್ರಾಂ ಕೈಗೆ ಗೊತ್ತೇ ಆಗುವುದಿಲ್ಲ.

ಆದರೆ ಮದನಿಕೆಯರು ಇರುವುದು ಸೂರಿನ ಕೆಳಗೆ, ಎತ್ತರದಲ್ಲಿ. ಮುಖದ ಕೆತ್ತನೆ ಚಿತ್ರದ ತುಂಬಾ ಬರಬೇಕಾದರೆ ಆ ಲೆನ್ಸ್ ಸಾಲದು, ಟೆಲಿ (ದೂರದ್ದನ್ನು ಹತ್ತಿರ ಎಳೆಯುವ ಲೆನ್ಸ್) ಬೇಕೇ ಬೇಕು. ಅಲ್ಲಿ ಲೆಕ್ಕ ಬದಲಾಗುತ್ತದೆ: ನಿಕಾನ್ 50-250 ಮಿ.ಮೀ. 405 ಗ್ರಾಂ, ಕ್ಯಾನನ್ 55-210 ಮಿ.ಮೀ. 270 ಗ್ರಾಂ. ಬ್ಯಾಟರಿ, ಕಾರ್ಡ್ ಹಾಕಿದ ಬಾಡಿ ಸೇರಿ 855 ಮತ್ತು 699. ಕುತ್ತಿಗೆಗೆ ನೇತುಹಾಕಿಕೊಂಡು ಜಗತಿ (ಗುಡಿ ನಿಂತ ಕಟ್ಟೆ) ಸುತ್ತುವವರಿಗೆ ಇದು ದೊಡ್ಡ ವ್ಯತ್ಯಾಸ. ಪ್ರತಿಯಾಗಿ ನಿಕಾನ್ ಇನ್ನಷ್ಟು ದೂರ ಎಳೆಯುತ್ತದೆ, ತುದಿಯಲ್ಲಿ ಎಫ್ 6.3 ಸಿಗುತ್ತದೆ, ಕ್ಯಾನನ್‌ದು 7.1 (ಅಂಕಿ ಕಡಿಮೆಯಾದಷ್ಟೂ ಹೆಚ್ಚು ಬೆಳಕು). ಹಾಗಾಗಿ ಸೂರಿನ ನೆರಳಲ್ಲಿ ಕ್ಯಾನನ್‌ನಲ್ಲಿ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ಸ್ವಲ್ಪ ಹೆಚ್ಚು ಏರಿಸಬೇಕಾಗುತ್ತದೆ.

ಗಾತ್ರ ಮಿಲಿಮೀಟರಿನಲ್ಲಿ: ಝಡ್ 50 126.5 × 93.5 × 60, ಆರ್ 10 122.5 × 87.8 × 83.4. ಈ ದಪ್ಪಕ್ಕೆ ಲೆನ್ಸಿನ ಉದ್ದ ಕೂಡಿಸಬೇಡಿ, ಹಿಡಿಯ ಉಬ್ಬೂ ಅದರಲ್ಲಿ ಸೇರಿದೆ. ಮಡಚಿದ ಲೆನ್ಸ್ 32 ಮತ್ತು 44.3, ಹಾಗಾಗಿ ಬ್ಯಾಗಿನಲ್ಲಿ ನಿಕಾನ್ ಚಪ್ಪಟೆಯಾಗಿ ಕೂರುತ್ತದೆ.

ಸ್ಕ್ರೀನ್ ಎರಡಕ್ಕೂ ಸುಮಾರು 10.4 ಲಕ್ಷ ಡಾಟ್. ಕೆಂಪು, ಹಸಿರು, ನೀಲಿ ಬೇರೆ ಬೇರೆ ಎಣಿಸಿದ್ದು ಅದು; ಪಿಕ್ಸೆಲ್ ಸುಮಾರು ಮೂರೂವರೆ ಲಕ್ಷ ಅಷ್ಟೆ. ಝಡ್ 50ಯ 3.2 ಇಂಚಿನದು ಆರ್ 10ರ ಮೂರು ಇಂಚಿಗಿಂತ ಶೇ. 14ರಷ್ಟು ಹೆಚ್ಚು ಜಾಗ ಕೊಡುತ್ತದೆ, ಹೆಚ್ಚು ವಿವರ ಕೊಡುವುದಿಲ್ಲ.

ನನ್ನ ಪ್ರಕಾರ ತೀರ್ಮಾನ ಮಾಡಬೇಕಾದದ್ದು ಸ್ಕ್ರೀನ್ ತಿರುಗುವ ಹಿಂಜಿನ ಮೇಲೆ. ಝಡ್ 50 ಸ್ಕ್ರೀನ್ ಮೇಲೆ ಕೆಳಗೆ ಮಾತ್ರ ವಾಲುತ್ತದೆ. ಹಳೇಬೀಡಿನ ತಳಪಟ್ಟಿಯ ಆನೆ ಸಾಲಿಗೆ ಅದು ಧಾರಾಳ: ಕ್ಯಾಮೆರಾ ಅಡ್ಡ ಹಿಡಿದು, ನೆಲದ ಹತ್ತಿರ ಇಳಿಸಿ, ಮೇಲಿಂದ ನೋಡಬಹುದು. ಮದನಿಕೆ ನಿಂತ ಶಿಲ್ಪ, ಕ್ಯಾಮೆರಾ ಲಂಬ ಹಿಡಿಯಲೇಬೇಕು. ಆಗ ಅದೇ ಸ್ಕ್ರೀನ್ ಎಡಕ್ಕೋ ಬಲಕ್ಕೋ ತೆರೆಯುತ್ತದೆ, ನೀವು ಕತ್ತು ತಿರುಚಬೇಕು. ಆರ್ 10 ಸ್ಕ್ರೀನ್ ಪಕ್ಕಕ್ಕೆ ತೆರೆದು ತಿರುಗುವುದರಿಂದ ಅಡ್ಡ, ಲಂಬ ಎರಡಕ್ಕೂ ನಿಮ್ಮ ಕಡೆಗೇ ತಿರುಗಿಸಿಕೊಳ್ಳಬಹುದು. ಬೇಲೂರೇ ಮುಖ್ಯವಾದರೆ ಆರ್ 10 ತಗೊಳ್ಳಿ.

ಮಳೆಗಿರಿ (ಚಿಕ್ಕಮಗಳೂರು):
ಒಂದು ಮಾತು ಸೇರಿಸುತ್ತೇನೆ. ಝಡ್ 50ಯಲ್ಲಿ ಝೂಮ್ ಪ್ಲಸ್, ಮೈನಸ್, ಡಿಸ್ಪ್ಲೇ ಬಟನ್‌ಗಳು ಸ್ಕ್ರೀನಿನ ಬಲ ಅಂಚಿನಲ್ಲಿ ಟಚ್ ರೂಪದಲ್ಲಿವೆ. ಮುಳ್ಳಯ್ಯನಗಿರಿಯ ಜಿನುಗು ಮಳೆಯಲ್ಲಿ ಒದ್ದೆ ಬೆರಳಿಗೆ, ಗ್ಲೌಸಿಗೆ ಅವು ಸರಿಯಾಗಿ ಮಾತು ಕೇಳುವುದಿಲ್ಲ. ಒರೆಸುವ ಬಟ್ಟೆ ಕೈಗೆ ಸಿಗುವ ಜೇಬಲ್ಲಿ ಇರಲಿ.

ಹೇಮಾವತಿ_ದಡ:
ಅಂಗಡಿಯಲ್ಲಿ ಆರ್ 10 ಹಿಡಿದು ನೋಡಿದೆ. ಸ್ಕ್ರೀನ್ ತೆರೆದು ಎದೆ ಹತ್ತಿರ ತಂದರೆ ಕಪ್ಪಾಗುತ್ತೆ. ಪೀಸ್ ಕೆಟ್ಟಿದೆಯಾ?

ಬಳಪದಕಲ್ಲು:
ಕೆಟ್ಟಿಲ್ಲ ಸರ್. ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಪಕ್ಕದ ಸೆನ್ಸರ್ ನಿಮ್ಮ ಅಂಗಿಯನ್ನೇ ಕಣ್ಣು ಅಂದುಕೊಂಡು ಚಿತ್ರವನ್ನು ಒಳಗೆ ಕಳಿಸುತ್ತಿದೆ. ಸೆಟಪ್ ಮೆನುವಿನಲ್ಲಿ ‘ಸ್ಕ್ರೀನ್/ವ್ಯೂಫೈಂಡರ್ ಡಿಸ್ಪ್ಲೇ’ಗೆ ಹೋಗಿ, ಆಟೋ 2 ಇದ್ದರೆ ಆಟೋ 1 ಮಾಡಿ. ಆಟೋ 1ರಲ್ಲಿ ಸ್ಕ್ರೀನ್ ತೆರೆದಿರುವಷ್ಟು ಹೊತ್ತೂ ಚಿತ್ರ ಅಲ್ಲೇ ಇರುತ್ತದೆ. ಮಡಚಿದರೆ ಮಾತ್ರ ಸೆನ್ಸರ್ ಕೆಲಸ ಮಾಡುತ್ತದೆ. ಝಡ್ 50ಯಲ್ಲಿ ಹೀಗಾದರೆ ಮಾನಿಟರ್ ಮೋಡ್ ಬಟನ್ ಒತ್ತುತ್ತಾ ಹೋಗಿ, ‘ಮಾನಿಟರ್ ಓನ್ಲಿ’ ಬಂದಾಗ ನಿಲ್ಲಿಸಿ. ಬಿಸಿಲಲ್ಲಿ ಸ್ಕ್ರೀನ್ ಕಾಣದೆ ವ್ಯೂಫೈಂಡರ್ ಬೇಕಾದಾಗ ಅದನ್ನು ಮತ್ತೆ ಬದಲಿಸಬೇಕು.