ಎಸ್‌ಟಿಪಿಯಲ್ಲಿ ಪೆರಾಸಿಟಿಕ್ ಆಸಿಡ್: ಪಂಪ್ ಓಡ್ತಿದೆ, ಡೋಸ್ ಹೋಗ್ತಿಲ್ಲ

ಎ-ಬ್ಲಾಕ್ ಕಮಿಟಿ:
ನಮ್ಮದು ಬೆಂಗಳೂರಿನ ಅಪಾರ್ಟ್‌ಮೆಂಟ್, 60 ಕೆಎಲ್‌ಡಿ (ದಿನಕ್ಕೆ 60 ಸಾವಿರ ಲೀಟರ್) ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಿಸುವ ಘಟಕ. ಫ್ಲಶ್ ನೀರಲ್ಲಿ ಹೈಪೋ (ಸೋಡಿಯಂ ಹೈಪೋಕ್ಲೋರೈಟ್, ಕ್ಲೋರಿನ್ ದ್ರಾವಣ) ವಾಸನೆ ಅಂತ ಎಲ್ಲರೂ ಗೊಣಗಿದರು. ಹೋದ ತಿಂಗಳು ರೋಗಾಣು ಕೊಲ್ಲುವ ಇನ್ನೊಂದು ದ್ರಾವಣ, 15% ಪೆರಾಸಿಟಿಕ್ ಆಸಿಡ್‌ಗೆ ಬದಲಾಯಿಸಿದೆವು. ಡೋಸಿಂಗ್ ಪಂಪ್ ಹಳೆಯದೇ. ಸಂಜೆ ಸರಿ ಇರುತ್ತದೆ. ಬೆಳಿಗ್ಗೆ ಹೋದರೆ ಪಂಪ್ ಟಕ್ ಟಕ್ ಅನ್ನುತ್ತಿರುತ್ತದೆ, ಕ್ಯಾನಿನ ಮಟ್ಟ ಮಾತ್ರ ಇಳಿದಿರುವುದಿಲ್ಲ. ಕೋಲಿಫಾರ್ಮ್ (ಕೊಳಚೆ ಸೂಚಿಸುವ ಬ್ಯಾಕ್ಟೀರಿಯಾ) ಟೆಸ್ಟ್ ಫೇಲ್. ಕ್ಲೋರಿನ್ ಕಿಟ್‌ನಲ್ಲಿ ಬಣ್ಣವೂ ಸರಿಯಾಗಿ ಬರುತ್ತಿಲ್ಲ. ಡೋಸ್ ಜಾಸ್ತಿ ಮಾಡಲಾ?

ನೀರಗಂಟಿ:
ಬೇಡ. ಮೊದಲು ಸಕ್ಷನ್ ಟ್ಯೂಬಿಗೆ ಟಾರ್ಚ್ ಹಿಡಿದು ನೋಡಿ. ಸಾಸಿವೆ ಕಾಳಿನಂಥ ಗುಳ್ಳೆಗಳು ಕೂತಿವೆಯಾ? ಈ ದ್ರಾವಣದಲ್ಲಿ ಹೈಡ್ರೋಜನ್ ಪೆರಾಕ್ಸೈಡೂ ಇರುತ್ತದೆ, ನಿಧಾನಕ್ಕೆ ಆಮ್ಲಜನಕ ಬಿಡುತ್ತಲೇ ಇರುತ್ತದೆ. ಪಂಪ್ ಹೆಡ್‌ನಲ್ಲಿ ಗ್ಯಾಸ್ ತುಂಬಿದರೆ ಡಯಾಫ್ರಾಮ್ (ದ್ರಾವಣ ತಳ್ಳುವ ಪೊರೆ) ಅದನ್ನೇ ಹಿಚುಕುತ್ತಾ ಕೂರುತ್ತದೆ.

ಲೆಕ್ಕ ಹಾಕಿ. ಲೀಟರಿಗೆ 2 ಮಿಲಿಗ್ರಾಂ ಅಂದರೆ ದಿನಕ್ಕೆ 120 ಗ್ರಾಂ, ನಿಮ್ಮ ದ್ರಾವಣದಲ್ಲಿ ಸುಮಾರು 700 ಎಂಎಲ್. 24 ಗಂಟೆಗೆ ಹಂಚಿದರೆ ನಿಮಿಷಕ್ಕೆ ಅರ್ಧ ಎಂಎಲ್ ಅಷ್ಟೇ. ಗುಳ್ಳೆ ಸೇರಿಕೊಳ್ಳಲು ಬೇಕಾದಷ್ಟು ಪುರುಸೊತ್ತು! ಫಿಲ್ಟರ್ ಓಡುವಾಗ ಮಾತ್ರ ಡೋಸ್ ಆಗುವಂತೆ ಇಂಟರ್‌ಲಾಕ್ ಕೊಡಿ. ಕ್ಯಾನ್ ಪಂಪಿಗಿಂತ ಎತ್ತರದಲ್ಲಿರಲಿ. ಆಗಲೂ ಡೋಸ್ ನಿಂತರೆ ಪೆರಿಸ್ಟಾಲ್ಟಿಕ್ ಪಂಪ್ (ಟ್ಯೂಬನ್ನೇ ರೋಲರ್‌ನಿಂದ ಒತ್ತಿ ದ್ರಾವಣ ತಳ್ಳುವಂಥದ್ದು) ತಗೊಳ್ಳಿ. ಹಿತ್ತಾಳೆ ಫಿಟ್ಟಿಂಗ್ ಎಲ್ಲಾದರೂ ಇದೆಯಾ? ಅದರಲ್ಲಿನ ತಾಮ್ರ ಸೋಕಿದರೆ ಈ ದ್ರಾವಣ ಬೇಗ ಒಡೆಯುತ್ತದೆ. ಮುಚ್ಚಳವೂ ಗ್ಯಾಸ್ ಬಿಡುವಂಥದ್ದೇ ಆಗಬೇಕು, ಬಿಗಿ ಮುಚ್ಚಳ ಹಾಕಿದರೆ ಕ್ಯಾನ್ ಉಬ್ಬುತ್ತದೆ.

ಲ್ಯಾಬ್ ಮೂಲೆ:
ಕಿಟ್ ಬಗ್ಗೆ: ಫ್ರೀ ಕ್ಲೋರಿನ್ ಮಾತ್ರೆ ಇದಕ್ಕೆ ಆಗುವುದಿಲ್ಲ. ಪೊಟ್ಯಾಸಿಯಂ ಅಯೋಡೈಡ್ ಇರುವ ಟೋಟಲ್ ಕ್ಲೋರಿನ್ ಮಾತ್ರೆ ಹಾಕಿ, ರೀಡಿಂಗ್ ಅನ್ನು 1.07ರಿಂದ ಗುಣಿಸಿ, ಪೆರಾಸಿಟಿಕ್ ಆಸಿಡ್ ಎಷ್ಟಿದೆ ಅಂತ ಸಿಗುತ್ತದೆ. ತಕ್ಷಣ ಓದಿ. ಟೀ ಕುಡಿದು ಬಂದರೆ ಪೆರಾಕ್ಸೈಡೂ ಬಣ್ಣ ಕೊಟ್ಟು ಸುಮ್ನೆ ಜಾಸ್ತಿ ತೋರಿಸುತ್ತದೆ.

ಎ-ಬ್ಲಾಕ್ ಕಮಿಟಿ:
ಗುಳ್ಳೆ ಇದ್ದವು! ಹಿತ್ತಾಳೆಯ ಒಂದು ವಾಲ್ವ್ ಕೂಡ ಸಿಕ್ಕಿತು, ಹಸಿರು ಕಟ್ಟಿತ್ತು. ಪಂಪ್ ಕೆಟ್ಟರೆ ಅಂತ ಹಳೇ ಹೈಪೋ ಕ್ಯಾನ್ ಅದರ ಪಕ್ಕದಲ್ಲೇ ಇಟ್ಟಿದ್ದೇವೆ.

ನೀರಗಂಟಿ:
ಹೈಪೋವನ್ನು ಇವತ್ತೇ ಬೇರೆ ಕೋಣೆಗೆ ಸಾಗಿಸಿ. ಎರಡೂ ಬೆರೆತರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಅಳತೆ ಮಗ್ ಕೂಡ ಬೇರೆ ಬೇರೆ ಇರಲಿ.

ಎ-ಬ್ಲಾಕ್ ಕಮಿಟಿ:
ಸಾಗಿಸಿದೆವು. ವಾಲ್ವ್ ತೆಗೆದು ಪಿವಿಡಿಎಫ್ ಪ್ಲಾಸ್ಟಿಕ್‌ನದು ಹಾಕಿದ್ದೇವೆ, ಕ್ಯಾನ್ ಸ್ಟ್ಯಾಂಡ್ ಮೇಲೆ ಏರಿದೆ. ಇವತ್ತು ಬೆಳಿಗ್ಗೆ 6ಕ್ಕೆ ರೀಡಿಂಗ್ 0.6. ಕೋಲಿಫಾರ್ಮ್ ರಿಪೋರ್ಟ್ ಗುರುವಾರ ಬರುತ್ತದೆ.