ಜರ್ಕಾಟ್ ಕೋಶ: ಸೊನ್ನೆ ನಿಮಿಷಕ್ಕೇ ಫಾಸ್ಫೋ-ಎರ್ಕ್ ಬ್ಯಾಂಡ್, ಸಿಡಿ45 ಬ್ರೇಕೋ, ಆಕ್ಸಿಲರೇಟರೋ?

ಜೆಲ್_ಟ್ಯಾಂಕ್:
ಜರ್ಕಾಟ್ ಇ6-1 ಕೋಶಕ್ಕೆ (ಲ್ಯಾಬಿನಲ್ಲಿ ಬೆಳೆಸುವ ಮಾನವ ಟಿ ಕೋಶ) ಓಕೆಟಿ3 (ಟಿ ಕೋಶದ ಗ್ರಾಹಕದ ಸಿಡಿ3ಗೆ ಅಂಟಿ ಕೋಶವನ್ನು ಎಬ್ಬಿಸುವ ಪ್ರತಿಕಾಯ) ಕೊಟ್ಟು 0, 2, 5, 10 ನಿಮಿಷಕ್ಕೆ ಸೆಂಟ್ರಿಫ್ಯೂಜ್ ಮಾಡಿ ಲೈಸ್ ಮಾಡುತ್ತಿದ್ದೇನೆ (ಕೋಶ ಒಡೆಯುತ್ತಿದ್ದೇನೆ). ಸೊನ್ನೆ ನಿಮಿಷಕ್ಕೇ ಫಾಸ್ಫೋ-ಎರ್ಕ್ (ಫಾಸ್ಫೇಟ್ ಹತ್ತಿ ಚುರುಕಾದ ಎರ್ಕ್ ಎಂಬ ಸಂಕೇತ ಪ್ರೋಟೀನ್) ಬ್ಲಾಟಿನಲ್ಲಿ ಗಾಢವಾಗಿ ಬರುತ್ತಿದೆ. ಎಲ್‌ಸಿಕೆಯ (ಸಂಕೇತ ಶುರುಮಾಡುವ ಕೈನೇಸ್, ಅಂದರೆ ಫಾಸ್ಫೇಟ್ ಹಾಕುವ ಕಿಣ್ವ) ವೈ505 (505ನೇ ಟೈರೋಸಿನ್ ಮೇಲಿನ ಫಾಸ್ಫೇಟ್) ಬ್ಯಾಂಡ್ ಮಾತ್ರ ಕೊನೆಯವರೆಗೂ ಅಲ್ಲಾಡುವುದೇ ಇಲ್ಲ. ಅದು ಇಳಿಯಬೇಕಲ್ಲವೇ? ಇನ್ನೊಂದು: ಸಿಡಿ45 ಫಾಸ್ಫಟೇಸ್ (ಫಾಸ್ಫೇಟ್ ಕೀಳುವ ಕಿಣ್ವ) ತಾನೇ, ಅದಿಲ್ಲದ ಕೋಶ ಸುಮ್ಮನಾಗುವುದು ಹೇಗೆ?

ಟೈರೋಸಿನ್505:
ಕೊನೆಯದರಿಂದ ಶುರು ಮಾಡೋಣ. ಎಲ್‌ಸಿಕೆಯ 505ರಲ್ಲಿ ಫಾಸ್ಫೇಟ್ ಕೂತರೆ ಬಾಲ ಮಡಚಿ ತನ್ನದೇ ಎಸ್‌ಎಚ್2 ಭಾಗಕ್ಕೆ ಅಂಟಿಕೊಳ್ಳುತ್ತದೆ, ಕೈನೇಸ್ ಮುಚ್ಚಿಕೊಳ್ಳುತ್ತದೆ. 394ರಲ್ಲಿ ಕೂತರೆ ಪೂರ್ತಿ ಚುರುಕು. 505ಕ್ಕೆ ಫಾಸ್ಫೇಟ್ ಹಾಕುವುದು ಸಿಎಸ್‌ಕೆ ಎಂಬ ಇನ್ನೊಂದು ಕೈನೇಸ್, ಕೀಳುವುದು ಸಿಡಿ45. ಸಿಡಿ45 ಹೆಚ್ಚುಕಡಿಮೆ ಇಲ್ಲದ ಜೆ45.01 ಕೋಶದಲ್ಲಿ ಎಲ್‌ಸಿಕೆ ಮುಚ್ಚಿಕೊಂಡೇ ಇರುತ್ತದೆ. ಓಕೆಟಿ3 ಎಷ್ಟು ಸುರಿದರೂ ಎಲ್‌ಸಿಕೆಯ ಮುಂದಿನ ಹಂತದ ಕೈನೇಸ್ ಝಾಪ್-70 ಸರಿಯಾಗಿ ಏಳುವುದಿಲ್ಲ.

ಆದರೆ ಇದೇ ಸಿಡಿ45 394ರ ಫಾಸ್ಫೇಟನ್ನೂ ಐಟ್ಯಾಮ್‌ಗಳ (ಗ್ರಾಹಕದ ಒಳಬಾಲದಲ್ಲಿ ಎಲ್‌ಸಿಕೆ ಫಾಸ್ಫೇಟ್ ಹಾಕುವ ತುಣುಕುಗಳ) ಫಾಸ್ಫೇಟನ್ನೂ ಕೀಳುತ್ತದೆ. ಎರಡೂ ಕೆಲಸ ಅದರದ್ದೇ. ಎಲ್ಲಿದೆ ಅನ್ನುವುದರ ಮೇಲೆ ಫಲ. ಟಿ ಕೋಶದ ಗ್ರಾಹಕವೂ ಎದುರು ಕೋಶ ತೋರಿಸುವ ಪೆಪ್ಟೈಡ್-ಎಂಎಚ್‌ಸಿಯೂ ಜೋಡಿಯಾದ ಕಡೆ ಎರಡು ಪೊರೆಗಳ ನಡುವಿನ ಸಂದು ಸುಮಾರು 15 ನ್ಯಾನೋಮೀಟರ್. ಉದ್ದನೆಯ ಸಿಡಿ45 ಅಲ್ಲಿ ಹಿಡಿಸದೆ ಪಕ್ಕಕ್ಕೆ ಸರಿಯುತ್ತದೆ, ಐಟ್ಯಾಮ್‌ನ ಫಾಸ್ಫೇಟ್ ಉಳಿಯುತ್ತದೆ, ಝಾಪ್-70 ಬಂದು ಕೂರುತ್ತದೆ.

ವೈ505 ಇಳಿಯಲಿಲ್ಲವೆಂದು ಪ್ರಯೋಗ ಕೆಟ್ಟಿತೆಂದುಕೊಳ್ಳಬೇಡಿ. ವಿಶ್ರಾಂತ ಕೋಶದಲ್ಲೂ ಎಲ್‌ಸಿಕೆಯ ಒಂದು ಪಾಲು ಚುರುಕಾಗಿಯೇ ಇರುತ್ತದೆ. ಇಡೀ ಲೈಸೇಟಿನ ಸರಾಸರಿಯಲ್ಲಿ ವ್ಯತ್ಯಾಸ ಕಾಣುವುದು ಅಪರೂಪ. ಝಾಪ್-70 ವೈ319 ನೋಡಿ, 1-2 ನಿಮಿಷಕ್ಕೇ ಏರಬೇಕು.

ಐಸ್_ಬಕೆಟ್:
ಸೊನ್ನೆ ನಿಮಿಷದ ಎರ್ಕ್‌ಗೆ ಮೊದಲ ಅನುಮಾನ ಸೀರಮ್, ಅದೇ ಎರ್ಕನ್ನು ಎಬ್ಬಿಸಿರಬಹುದು. ಸೀರಮ್ ಇಲ್ಲದ ಆರ್‌ಪಿಎಂಐ ಮಾಧ್ಯಮದಲ್ಲಿ 2 ಗಂಟೆ ಇಡಿ. ಮಿ.ಲೀ.ಗೆ 2 ಕೋಟಿ ಕೋಶದಂತೆ ತೇಲಿಸಿ, 50 ಮೈಕ್ರೋಲೀಟರ್ ಹಂಚಿ, 37 ಡಿಗ್ರಿಯಲ್ಲಿ 15 ನಿಮಿಷ ಬಿಡಿ; ತಿರುಗಿಸಿದ ಅಲುಗಾಟ ಇಳಿಯಲಿ. ಓಕೆಟಿ3ಯನ್ನು ಎರಡರಷ್ಟು ಸಾಂದ್ರತೆಯಲ್ಲಿ, ಬಿಸಿ ಮಾಡಿಯೇ, 50 ಮೈಕ್ರೋಲೀಟರ್ ಹಾಕಿ. ತಣ್ಣಗಿನದು ಸುರಿದರೆ ಕಾಲಲೆಕ್ಕ ಕೆಡುತ್ತದೆ.

ತಿರುಗಿಸಿ ಕೋಶ ಇಳಿಸಿ ಆಮೇಲೆ ಲೈಸ್ ಮಾಡುವುದನ್ನು ಬಿಟ್ಟುಬಿಡಿ. ಆ ಹೊತ್ತಿಗೆ ನಿಮ್ಮ 2 ನಿಮಿಷ ನಾಲ್ಕಾಗಿರುತ್ತದೆ. ಎರಡರಷ್ಟು ಸಾಂದ್ರತೆಯ ಐಸ್ ತಣ್ಣನೆಯ ಲೈಸಿಸ್ ಬಫರ್ 100 ಮೈಕ್ರೋಲೀಟರ್ ನೇರ ಸುರಿಯಿರಿ. ಅದರಲ್ಲಿ ಆರ್ಥೋವನಡೇಟ್ 2 ಮಿ.ಮೋಲಾರ್ ಇರಲಿ, ಸೋಡಿಯಂ ಫ್ಲೋರೈಡ್ 20 ಇರಲಿ; ಎರಡೂ ಫಾಸ್ಫಟೇಸ್ ತಡೆಯುತ್ತವೆ. ವನಡೇಟ್ ಕಾಯುವುದು ಟೈರೋಸಿನ್ ಫಾಸ್ಫೇಟನ್ನು ಮಾತ್ರ. ಎರ್ಕ್‌ನ ಥ್ರಿಯೋನಿನ್ 202ಕ್ಕೆ ಫ್ಲೋರೈಡ್ ಬೇಕೇ ಬೇಕು. ಲೈಸಿಸ್ ಬಫರಿಗೆ ಡಿಟಿಟಿ ಹಾಕಬೇಡಿ, ವನಡೇಟ್ ಅಪಕರ್ಷಣಗೊಂಡು ಸತ್ತುಹೋಗುತ್ತದೆ. ಇಡಿಟಿಎ ಕೂಡ ಅದನ್ನು ಹಿಡಿದುಕೊಳ್ಳುತ್ತದೆ.

ವನಡೇಟ್ ತಯಾರಿಯಲ್ಲೇ ಬಹಳ ಜನ ಎಡವುತ್ತಾರೆ. 200 ಮಿ.ಮೋಲಾರ್‌ಗೆ 10 ಮಿ.ಲೀ. ನೀರಿಗೆ 0.368 ಗ್ರಾಂ ಸೋಡಿಯಂ ಆರ್ಥೋವನಡೇಟ್. ಪಿಎಚ್ 10ಕ್ಕೆ ತಂದಾಗ ಹಳದಿಯಾಗುತ್ತದೆ. ಬಣ್ಣ ಹೋಗುವವರೆಗೆ ಕುದಿಸಿ, ಆರಿಸಿ, ಮತ್ತೆ 10ಕ್ಕೆ ತನ್ನಿ; ಕುದಿಸಿದರೂ ಪಿಎಚ್ ಕದಲದೆ, ಬಣ್ಣ ಬರದೆ ನಿಂತರೆ ಆಯಿತು.

ಎಕೆಟಿಯನ್ನು (ಇನ್ನೊಂದು ಸಂಕೇತ ಕೈನೇಸ್) ಕಂಟ್ರೋಲ್ ಮಾಡಿಕೊಳ್ಳಬೇಡಿ, ಅದನ್ನು ಹತ್ತಿಕ್ಕುವ ಪಿಟೆನ್ ಜರ್ಕಾಟ್‌ನಲ್ಲಿ ಇಲ್ಲ. ಎಕೆಟಿ ಸದಾ ಉರಿಯುತ್ತಲೇ ಇರುತ್ತದೆ. ಪಾಸಿಟಿವ್ ಕಂಟ್ರೋಲ್ ಆಗಿ ಒಂದು ಟ್ಯೂಬಿಗೆ 0.1 ಮಿ.ಮೋಲಾರ್ ಪರ್‌ವನಡೇಟ್ (ಟೈರೋಸಿನ್ ಫಾಸ್ಫಟೇಸ್‌ಗಳನ್ನು ಕಟ್ಟಿಹಾಕುವಂಥದ್ದು) 5 ನಿಮಿಷ ಕೊಡಿ. ಓಕೆಟಿ3 ಇಲ್ಲದೆಯೂ ಲೇನ್ ಪೂರ್ತಿ ಬೆಳಗುತ್ತದೆ.

ಜೆಲ್_ಟ್ಯಾಂಕ್:
ಬಫರಿನಲ್ಲಿ ಫ್ಲೋರೈಡ್ ಇರಲಿಲ್ಲ, ಹಾಕುತ್ತೇನೆ. ಒಟ್ಟು ಎಲ್‌ಸಿಕೆ ಬ್ಲಾಟಿನಲ್ಲಿ ಮುಖ್ಯ ಬ್ಯಾಂಡಿನ ಕೆಳಗೆ ಇನ್ನೊಂದು ಬರುತ್ತದೆ, ಸೊನ್ನೆ ನಿಮಿಷದಲ್ಲಿ ಮಾತ್ರ ಇಲ್ಲ. ಪ್ರತಿಕಾಯ ಇಲಿಯದ್ದು.

ಟೈರೋಸಿನ್505:
ಅದು ಓಕೆಟಿ3ಯ ಭಾರ ಸರಪಳಿ, 50 ಕಿಲೋಡಾಲ್ಟನ್. ಓಕೆಟಿ3ಯೂ ಇಲಿ ಪ್ರತಿಕಾಯ; ನಿಮ್ಮ ಆಂಟಿ-ಮೌಸ್ ಸೆಕೆಂಡರಿ ಅದನ್ನೂ ಹಿಡಿಯುತ್ತಿದೆ. ಎಲ್‌ಸಿಕೆ 56ರಲ್ಲಿ ಕೂರುವುದರಿಂದ ಜೆಲ್ ಸ್ವಲ್ಪ ಕಡಿಮೆ ಓಡಿದರೆ ಎರಡೂ ಬೆರೆತು, ಪ್ರಚೋದಿಸಿದ ಮೇಲೆ ಎಲ್‌ಸಿಕೆಯೇ ಹೆಚ್ಚಾಯಿತೆಂಬಂತೆ ಕಾಣುತ್ತದೆ. ಮೊಲದ ಎಲ್‌ಸಿಕೆ ಪ್ರತಿಕಾಯಕ್ಕೆ ಬದಲಾಯಿಸಿ. ಬ್ಲಾಕಿಂಗ್‌ಗೆ 5% ಬಿಎಸ್‌ಎ (ದನದ ಸೀರಮ್ ಆಲ್ಬುಮಿನ್) ಬಳಸಿ, ಹಾಲಿನ ಪುಡಿ ಬೇಡ; ಕೇಸೀನ್ ತಾನೇ ಫಾಸ್ಫೋಪ್ರೋಟೀನ್.