ಅಪ್‌ಡೇಟ್: ‘ಕಾಣೆಯಾದ’ ಪುತ್ತರಿ ಫೋಟೊಗಳು ಸಿಕ್ಕಿವೆ

ಮಡಿಕೇರಿಯ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಫೋಲ್ಡರುಗಳ ಹೆಸರನ್ನು ಬದಲಿಸಿದ ಮೇಲೆ ಲೈಟ್‌ರೂಮ್ ಕ್ಲಾಸಿಕ್ ಎಂಬ ಫೋಟೊ ತಿದ್ದುವ ತಂತ್ರಾಂಶ ಫೋಟೊಗಳನ್ನೆಲ್ಲ ಕಾಣೆಯಾದವೆಂದು ತೋರಿಸುತ್ತಿದೆ, ಜೊತೆಗೆ ಕೊಡವರ ಸುಗ್ಗಿ ಹಬ್ಬವಾದ ಪುತ್ತರಿಯ ಚಿತ್ರಗಳ ದಿನಾಂಕವೂ ತಪ್ಪಾಗಿದೆ ಎಂದು ಹಿಂದೆ ಕೇಳಿದ್ದೆ. ಎರಡೂ ಬಗೆಹರಿದಿವೆ.

ಆ ತಂತ್ರಾಂಶ ಮೂಲ ಚಿತ್ರಗಳನ್ನು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ. ಅವು ಡಿಸ್ಕಿನಲ್ಲಿ ಎಲ್ಲಿವೆ ಎಂಬುದನ್ನೂ ನಾವು ಮಾಡಿದ ತಿದ್ದುಪಡಿಗಳನ್ನೂ ಕ್ಯಾಟಲಾಗ್ ಎಂಬ ತನ್ನ ದಾಖಲೆ ಕಡತದಲ್ಲಿ ಬರೆದಿಡುತ್ತದೆ. ಆದ್ದರಿಂದ ಪ್ರಶ್ನಾರ್ಥಕ ಚಿಹ್ನೆ ಹೊತ್ತಿದ್ದ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ, ‘ಫೈಂಡ್ ಮಿಸ್ಸಿಂಗ್ ಫೋಲ್ಡರ್’ ಆಯ್ಕೆಯ ಮೂಲಕ ಹೊಸ ಹೆಸರಿನ ಫೋಲ್ಡರನ್ನು ತೋರಿಸಿದೊಡನೆ ಚಿತ್ರಗಳೆಲ್ಲ ತಿದ್ದುಪಡಿಗಳ ಸಮೇತ ಮರಳಿದವು. ಗಾಬರಿಯಲ್ಲಿ ಮತ್ತೆ ಇಂಪೋರ್ಟ್ ಮಾಡಲು ಹೊರಟಿದ್ದ ನನ್ನನ್ನು ತಡೆದವರಿಗೆ ಕೃತಜ್ಞತೆಗಳು. ಈಗ ಹೆಸರು ಬದಲಿಸುವುದಿದ್ದರೆ ಲೈಟ್‌ರೂಮಿನ ಒಳಗಿನಿಂದಲೇ ಬದಲಿಸುತ್ತೇನೆ.

ದಿನಾಂಕದ ತಪ್ಪು ನನ್ನದೇ. ಮಳೆಗಾಲವಿಡೀ ಕಪಾಟಿನಲ್ಲಿದ್ದ ಕ್ಯಾಮೆರಾದ ಗಡಿಯಾರ ಮೊದಲಿನ ಸ್ಥಿತಿಗೆ ಹೋಗಿದ್ದುದನ್ನು ನಾನು ಗಮನಿಸಿರಲಿಲ್ಲ. ಹಬ್ಬದ ರಾತ್ರಿ ಕದಿರು (ಹೊಸ ಭತ್ತದ ತೆನೆ) ತೆಗೆದ ಕ್ಷಣದ ಚಿತ್ರವೊಂದು ಮೊಬೈಲಿನಲ್ಲಿಯೂ ಇತ್ತು. ಆ ರಾತ್ರಿಯ ಎಲ್ಲ ಚಿತ್ರಗಳನ್ನು ಒಟ್ಟಿಗೆ ಆರಿಸಿ, ‘ಎಡಿಟ್ ಕ್ಯಾಪ್ಚರ್ ಟೈಮ್’ನಲ್ಲಿ ಒಂದಕ್ಕೆ ಮೊಬೈಲಿನ ಸಮಯವನ್ನು ಕೊಟ್ಟಾಗ, ಉಳಿದವೂ ಅಷ್ಟೇ ಅಂತರದಲ್ಲಿ ಸರಿದುಕೊಂಡವು.

ಅದೇ ಚಿತ್ರಗಳಲ್ಲಿ ಕಪ್ಪು ಕುಪ್ಯದ (ಕೊಡವ ಗಂಡಸರು ತೊಡುವ ಉದ್ದನೆಯ ಅಂಗಿ) ವಿವರ ಮಾತ್ರ ಇನ್ನೂ ತೃಪ್ತಿ ಕೊಟ್ಟಿಲ್ಲ. ಕತ್ತಲ ಭಾಗಗಳನ್ನು ಬೆಳಗಿಸುವ ಶ್ಯಾಡೋಸ್ ಸ್ಲೈಡರನ್ನು ಇಡೀ ಚಿತ್ರಕ್ಕೆ ಏರಿಸಿದರೆ ಬಟ್ಟೆ ಬೂದಿಬಣ್ಣಕ್ಕೆ ತಿರುಗುತ್ತದೆ. ಬ್ರಷ್‌ನಿಂದ ಕುಪ್ಯಕ್ಕಷ್ಟೇ ಮಾಸ್ಕ್ ಹಾಕಿ (ಆ ಭಾಗವನ್ನಷ್ಟೇ ಗುರುತಿಸಿ) ಏರಿಸಿದರೆ ಪರವಾಗಿಲ್ಲ, ಆದರೆ ಚಿತ್ರವೊಂದಕ್ಕೆ ಹತ್ತು ನಿಮಿಷ ಹಿಡಿಯುತ್ತಿದೆ.